ಲೋರ್ನಾಳ ಹಸಿರು ಕುರ್ಚಿ

ವಿಟ್ಲೋ, ಐಡಹೊ
ಜೂನ್ 14

ಪ್ರೀತಿಯ ಅಪ್ಪಾ,

ಈ ಕಾಗದ ಕಾವಲುಗೋಪುರಕ್ಕೆ ಸಾಮಾನು ಸಾಗಿಸುವ ಹ್ಯಾರಿಯೆಟ್ಟಳ ಹೇಸರಗತ್ತೆಯ ಬೆನ್ನೇರಿ ನಿನ್ನ ಬೆಟ್ಟದ ತುದಿ ಮುಟ್ಟುವಷ್ಟರಲ್ಲಿ ಸುದ್ದಿಯೆಲ್ಲ ಹಳಸಿರುತ್ತದೆ, ಗೊತ್ತು. ಆದರೂ ಬರೆಯದೆ ಇರಲಾರೆ. ಮೂರು ದಿನದಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ.

ಮೂರನೇ ನಂಬರ್ ಅಗ್ನಿಶಾಮಕ ಠಾಣೆಯಲ್ಲಿ ನಾನೀಗ ಪ್ಯಾರಾಮೆಡಿಕ್. ನೀನು ಇಪ್ಪತ್ತೊಂಬತ್ತು ವರ್ಷ ದುಡಿದ ಠಾಣೆ. ಅಡುಗೆಮನೆಯ ಉದ್ದನೆ ಮೇಜು ಅದೇ ಇದೆ. ಮೇಜಿನ ಅಡಿಗೆ ನೀನು ಚಾಕುವಿನಿಂದ ಕೆತ್ತಿದ ಕುರಿಯೂ ಇದೆ. ಬಗ್ಗಿ ನೋಡಿದೆ. ಏಳುವಾಗ ತಲೆ ಹೊಡೆದುಕೊಂಡೆ. ಕ್ಯಾಪ್ಟನ್ ಟಿಬೆಟ್ಸ್ ಕಾಫಿ ಕುಡಿಯುತ್ತ, "ನಿಮ್ಮಪ್ಪನೂ ಮೊದಲನೇ ದಿನ ಅಲ್ಲೇ ತಲೆ ಹೊಡ್ಕೊಂಡಿದ್ದ," ಅಂದರು.

ಇಲ್ಲಿ ಆಂಬುಲೆನ್ಸಿಗೆ ಯಾರೂ ಆಂಬುಲೆನ್ಸ್ ಅನ್ನುವುದಿಲ್ಲ, "ಡಬ್ಬಿ" ಅನ್ನುತ್ತಾರೆ. ನಮ್ಮ ಡಬ್ಬಿಯಲ್ಲಿ ನಾವು ಇಬ್ಬರೇ, ನಾನು ಮತ್ತು ಲೋರ್ನಾ ಪೀವಿ. ಲೋರ್ನಾಳಿಗೆ ಇದು ಇಪ್ಪತ್ತನೇ ವರ್ಷ. ಕೂದಲು ಬೆಳ್ಳಗಾಗಿದೆ, ಮಾತು ಕಡಿಮೆ, ಕೈ ಮಾತ್ರ ನುರಿತ ಕೈ. ನಡುಗುವ ಮುದುಕಿಗೂ ನೋವಾಗದಂತೆ ಸೂಜಿ ಹಾಕುತ್ತಾಳೆ. ಅವಳ ಹತ್ತಿರ ಕಲಿಯುವುದಕ್ಕೆ ನಾನು ಬೇಕಾದರೆ ಸಂಬಳ ಇಲ್ಲದೆ ಬರುತ್ತಿದ್ದೆ. ಇದನ್ನು ಟಿಬೆಟ್ಸ್‌ಗೆ ಹೇಳಬೇಡ.

ನೀನಿದ್ದಾಗಿನ ಒಂದು ಪದ್ಧತಿಯೂ ಬದಲಾಗಿಲ್ಲ. ಯಾರಾದರೂ ಏನನ್ನಾದರೂ ಮೊದಲ ಸಲ ಮಾಡಿದರೆ ಇಡೀ ಪಾಳಿಗೆ ಐಸ್‌ಕ್ರೀಮ್ ತರಬೇಕು. ಮೂರು ದಿನಕ್ಕೆ ನಾಲ್ಕು ಡಬ್ಬ ತಂದಿದ್ದೇನೆ. ಮೊದಲ ಕರೆ, ಮೊದಲ ಸೂಜಿ, ಮೊದಲ ಸಲ ದಾರಿ ತಪ್ಪಿದ್ದು. ನಾಲ್ಕನೆಯದು ಟಿಬೆಟ್ಸ್ ಕುರ್ಚಿಯಲ್ಲಿ ಮೊದಲ ಸಲ ಗೊತ್ತಿಲ್ಲದೆ ಕೂತದ್ದಕ್ಕೆ.

ಒಳಗೆ ಗೋಡೆಯಲ್ಲಿ ಎಲ್ಲರ ಹೆಸರಿನ ಕೊಕ್ಕೆಗಳಿವೆ, ಅವಕ್ಕೆ ಬೆಂಕಿಯ ಕೋಟು, ಹೆಲ್ಮೆಟ್ಟು ನೇತುಹಾಕಿರುತ್ತಾರೆ. ನನ್ನ ಹೆಸರಿನ ಕೊಕ್ಕೆ ಖಾಲಿ. ಬೆಂಕಿಗೆ ಇಳಿಯುವುದು ನನ್ನ ಕೆಲಸವಲ್ಲ, ಹಾಗಾಗಿ ಕೋಟಿಲ್ಲ. ನಿನ್ನೆ ಬಂದು ನೋಡಿದರೆ ಅದಕ್ಕೆ ಯಾರೋ ಅಡುಗೆಯ ಏಪ್ರನ್ ನೇತುಹಾಕಿದ್ದರು. ನಾನು ಅದನ್ನೇ ಕಟ್ಟಿಕೊಂಡು ಅಜ್ಜನ ಥರ ಕುರಿಮಾಂಸದ ಸಾರು ಮಾಡಿದೆ. ಎರಡೆರಡು ಸಲ ಬಡಿಸಿಕೊಂಡರು.

ಅಕ್ಟೋಬರ್ ಮೂರಕ್ಕೆ ನನ್ನ ಪ್ರೊಬೇಷನ್ ಅವಧಿ ಮುಗಿಯುತ್ತದೆ. ಟಿಬೆಟ್ಸ್ ಸಹಿ ಹಾಕಿದರೆ ಅವತ್ತು ಬಿಲ್ಲೆ ಕೊಡುತ್ತಾರೆ. ಅದನ್ನು ಎದೆಗೆ ಚುಚ್ಚುವುದು ಮನೆಯವರು, ನಿನಗೆ ಹೇಳಬೇಕಿಲ್ಲ. ಅಮ್ಮ ಇದ್ದಿದ್ದರೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನೀನು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಪೈಪು ಹಿಡಿಯದವಳ ಎದೆಗೆ ನಾನು ಬಿಲ್ಲೆ ಚುಚ್ಚಲ್ಲ." ಸರಿ. ಅಕ್ಟೋಬರಿಗೆ ಇನ್ನೂ ದಿನ ಇದೆ. ಬೆಟ್ಟದ ಗಾಳಿ ಮನುಷ್ಯನ ಬುದ್ಧಿ ತಿದ್ದುತ್ತದಂತೆ.

ನಿನ್ನ ಮಗಳು,
ನೆಕಾನೆ

*

ಓಲ್ಡ್ ಮೇರಿ ಕಾವಲುಗೋಪುರ
ಜೂನ್ 27

ನೆಕಾನೆ,

ಕಾಗದ ಬಂತು. ಹೇಸರಗತ್ತೆ ಒಂದು ಮೂಲೆ ತಿಂದಿತ್ತು. ಐಸ್‌ಕ್ರೀಮಿನ ವಿಷಯ ಇದ್ದ ಮೂಲೆಯೇ ಇರಬೇಕು.

ಸಾರಿಗೆ ಉಪ್ಪು ಕಡೆಯಲ್ಲಿ ಹಾಕು. ಟಿಬೆಟ್ಸ್ ಎರಡು ಸಲ ಬಡಿಸಿಕೊಂಡ ಎಂದರೆ ರುಚಿಯಾಗಿತ್ತು ಎಂದಲ್ಲ, ಅವನು ಹಾಕಿದ್ದೆಲ್ಲ ತಿನ್ನುತ್ತಾನೆ.

ಇಲ್ಲಿ ಎಲ್ಲ ಸರಿಯಾಗಿದೆ. ಬೆಳಗಿನಿಂದ ಸಂಜೆಯ ತನಕ ಕಾಡಿನ ಮೇಲೆ ಕಣ್ಣಾಡಿಸುವುದು, ಹೊಗೆ ಕಂಡರೆ ರೇಡಿಯೋದಲ್ಲಿ ಹೇಳುವುದು. ಎರಡು ಹೊಗೆ ಕಂಡೆ. ಒಂದು ನಿಜದ್ದು, ಇನ್ನೊಂದು ಮಂಜು. ಒಲೆಯಲ್ಲಿ ದಪ್ಪ ಪಾತ್ರೆಯಿಟ್ಟು ರೊಟ್ಟಿ ಸುಡುತ್ತೇನೆ. ನಮ್ಮಪ್ಪ ಕುರಿ ಕಾಯುವಾಗ ರೊಟ್ಟಿಯ ಮೊದಲ ತುಂಡನ್ನು ನಾಯಿಗೆ ಕೊಡುತ್ತಿದ್ದ. ಇಲ್ಲಿ ನಾಯಿ ಇಲ್ಲ, ಅಳಿಲಿಗೆ ಕೊಡುತ್ತೇನೆ. ಅದಕ್ಕೆ ಕೃತಜ್ಞತೆ ಇಲ್ಲ, ಚೀಲವನ್ನೇ ಕಡಿಯಿತು.

ಗೋಪುರಕ್ಕೆ ಎಪ್ಪತ್ತೆರಡು ಮೆಟ್ಟಿಲು. ನಲವತ್ತನೆಯದರ ಎದುರಿಗೆ ಒಣಗಿದ ಪೈನ್ ಮರದಲ್ಲಿ ಗಿಡುಗಗಳು ಗೂಡು ಕಟ್ಟಿವೆ. ನೀರು ಹೊತ್ತು ಹತ್ತುವಾಗ ಅಲ್ಲಿ ನಿಂತು ನೋಡುತ್ತೇನೆ. ಎರಡು ಮರಿ.

ಅಪ್ಪ

*

ವಿಟ್ಲೋ
ಜುಲೈ 9

ಪ್ರೀತಿಯ ಅಪ್ಪಾ,

ಕೂತು ಓದು. ನಿನ್ನೆ ನನ್ನ ಕೈಗೆ ಒಂದು ಮನುಷ್ಯ ಪ್ರಾಣಿ ಬಂದು ಬಿತ್ತು.

ಮಧ್ಯಾಹ್ನ ಹನ್ನೆರಡರ ಬಿಸಿಲು. ಮೊಳೆ, ಹಗ್ಗ, ಬಣ್ಣ ಮಾರುವ ದೊಡ್ಡ ಅಂಗಡಿಯ ಎದುರು ಒಂದು ಪಿಕಪ್ ಗಾಡಿ, ಒಳಗೆ ಹೆರಿಗೆ ನೋವು ತಿನ್ನುತ್ತಿರುವ ಹುಡುಗಿ. ಅವಳ ಗಂಡ ಗಾಡಿಯ ಸುತ್ತ ಓಡುತ್ತಿದ್ದ, ನಿಲ್ಲಿಸಲು ಇಬ್ಬರು ಬೇಕಾಯಿತು. ಠಾಣೆಯ ಬೆಂಕಿ ಎಂಜಿನ್ ನಮಗಿಂತ ಮೊದಲೇ ಬಂದು ನಿಂತಿತ್ತು. ಆರಡಿ ಎತ್ತರದ ನಾಲ್ಕು ಜನ ಬೆಂಕಿ ಆರಿಸುವ ಗಂಡಸರು ಗಾಡಿಯ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದರು. ಡ್ವೈಟ್ ಅಂತ ಒಬ್ಬನಿದ್ದಾನೆ, ಏಪ್ರನ್ ನೇತುಹಾಕಿದವನು ಅವನೇ. ಉರಿಯುವ ಸೂರು ಅವನ ತಲೆಯ ಮೇಲೆ ಬಿದ್ದರೂ ಕಣ್ಣು ಮಿಟುಕಿಸುವವನಲ್ಲವಂತೆ. ಅಂಥವನು ಬಿಳಿಚಿಕೊಂಡು, "ಬೇಗ ಹೋಗು, ತಲೆ ಕಾಣ್ತಿದೆ," ಅಂದ.

ಲೋರ್ನಾ ನನ್ನನ್ನು ಮುಂದೆ ಬಿಟ್ಟಳು. "ನೀನೇ ಹಿಡಿ. ನಾನು ಇಲ್ಲೇ ಇರ್ತೀನಿ," ಅಂದಳು, ಅಷ್ಟೆ. ಆರು ನಿಮಿಷ. ಹೆಣ್ಣು ಮಗು. ಅಳುವುದಕ್ಕೆ ಸ್ವಲ್ಪ ತಡ ಮಾಡಿತು. ಆ ಸ್ವಲ್ಪ ಹೊತ್ತು ನನಗೆ ಇಡೀ ಊರು ಉಸಿರು ಹಿಡಿದಂತೆ ಅನ್ನಿಸಿತು. ಬೆನ್ನು ಉಜ್ಜಿದೆ. ಅತ್ತಿತು ನೋಡು, ಅಂಗಡಿಯೊಳಗಿಂದ ಜನ ಚಪ್ಪಾಳೆ ಹೊಡೆದರು. ಡ್ವೈಟ್ ಕಣ್ಣು ಒರೆಸಿಕೊಂಡು ಧೂಳು ಅಂದ.

ಎರಡು ಡಬ್ಬ ಐಸ್‌ಕ್ರೀಮ್ ತಂದೆ. ಒಂದು ನನ್ನದು. ಇನ್ನೊಂದು, ಮೊದಲ ಸಲ ಅತ್ತದ್ದಕ್ಕೆ, ಡ್ವೈಟ್ ಪರವಾಗಿ.

ಇನ್ನೊಂದು ವಿಷಯ. ನಮ್ಮ ಡಬ್ಬಿಯಲ್ಲಿ ಔಷಧಿಗಳ ಹಿಂದೆ ಮಡಚುವ ಒಂದು ಹಳೆಯ ಕುರ್ಚಿ ಇದೆ. ವರಾಂಡದಲ್ಲಿ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ದೊಡ್ಡ ಬೆಂಕಿಯಾದರೆ ಲೋರ್ನಾ ಅದನ್ನು ಹೊರಗೆ ಬಿಡಿಸಿ ಇಡುತ್ತಾಳೆ. ಬೆಂಕಿಯಿಂದ ಹೊರಬಂದವರಲ್ಲಿ ಅವಳು ಯಾರಿಗೆ ಬೆರಳು ತೋರಿಸುತ್ತಾಳೋ ಅವರು ಬಾಯಿ ಮುಚ್ಚಿಕೊಂಡು ಅದರಲ್ಲಿ ಕೂರಬೇಕು. ಅವಳು ಏಳು ಅನ್ನುವ ತನಕ ಮತ್ತೆ ಒಳಗೆ ಹೋಗುವಂತಿಲ್ಲ. ಎಂಥ ದೊಡ್ಡ ಮನುಷ್ಯನೂ "ಲೋರ್ನಾಳ ಕುರ್ಚಿ"ಗೆ ಇಲ್ಲ ಅನ್ನುವುದಿಲ್ಲವಂತೆ. ಬೇರೆ ಠಾಣೆಗಳಲ್ಲಿ ಹೀಗಿಲ್ಲ. ಯಾಕೆ ಅಂತ ಹೊಸಬರಿಗೆ ಗೊತ್ತಿಲ್ಲ, ಹಳಬರು ಹೇಳುವುದಿಲ್ಲ. ಲೋರ್ನಾಳನ್ನು ಕೇಳಿದರೆ, "ನನಗೆ ಕಾಲು ನೋವು, ಅದಕ್ಕೆ ತಂದೆ," ಅನ್ನುತ್ತಾಳೆ. ಅವಳು ಅದರಲ್ಲಿ ಕೂತದ್ದನ್ನು ಯಾರೂ ನೋಡಿಲ್ಲ. ಅವಳು ಕೆಲಸಕ್ಕೆ ಸೇರಿದಾಗ ನೀನು ಕ್ಯಾಪ್ಟನ್ ಆಗಿದ್ದೆಯಲ್ಲ, ನಿನಗೆ ಗೊತ್ತಾ?

ನಿನ್ನ ಮಗಳು,
ನೆಕಾನೆ

*

ಓಲ್ಡ್ ಮೇರಿ
ಜುಲೈ 22

ನೆಕಾನೆ,

ಮಗುವಿನ ಸುದ್ದಿ ಓದಿ ಸಂತೋಷವಾಯಿತು. ಹ್ಯಾರಿಯೆಟ್ಟಳಿಗೂ ಓದಿ ಹೇಳಿದೆ. ಅವಳು ಹೇಸರಗತ್ತೆಗೆ ಹೇಳಿದಳು.

ಮೂರು ದಿನ ಸಿಡಿಲು. ಗೋಪುರದೊಳಗೆ ಗಾಜಿನ ಕಾಲಿನ ಮಣೆಯ ಮೇಲೆ ನಿಂತಿರಬೇಕು, ಕಬ್ಬಿಣ ಮುಟ್ಟಬಾರದು. ಮುದುಕ ಸರ್ಕಸ್ಸಿನ ಆನೆಯ ಹಾಗೆ ಮಣೆ ಹತ್ತಿ ನಿಂತದ್ದನ್ನು ನೀನು ನೋಡಬೇಕಿತ್ತು. ಹನ್ನೊಂದು ಹೊಗೆ ಕಂಡು ಹಿಡಿದೆ. ಒಂದೂ ತಪ್ಪಲಿಲ್ಲ.

ಗಿಡುಗದ ಮರಿಗಳಿಗೆ ರೆಕ್ಕೆ ಬಲಿತಿದೆ. ಮೂವತ್ತನೇ ಮೆಟ್ಟಿಲಿನಿಂದ ಇನ್ನೂ ಚೆನ್ನಾಗಿ ಕಾಣುತ್ತವೆ. ಈಗ ಅಲ್ಲೇ ನಿಲ್ಲುತ್ತೇನೆ. ಹ್ಯಾರಿಯೆಟ್ ತರುವ ಡಬ್ಬದ ಬೀನ್ಸ್ ಖಾರ, ಎದೆ ಉರಿ ಬಿಡುತ್ತಿಲ್ಲ. ಅವಳಿಗೆ ಬೇರೆ ಕಂಪನಿಯದು ತರಲು ಹೇಳಿದ್ದೇನೆ.

ಅಪ್ಪ

ಆ ಕುರ್ಚಿ ಯಾವ ಬಣ್ಣ?

*

ವಿಟ್ಲೋ
ಆಗಸ್ಟ್ 3

ಪ್ರೀತಿಯ ಅಪ್ಪಾ,

ಹಸಿರು. ಹಸಿರು ಬಿಳಿ ಪಟ್ಟಿ. ಒಂದು ಪಟ್ಟಿ ಹರಿದು, ಅಲ್ಲಿಗೆ ಬೆಂಕಿಗೆ ನೀರು ಬಿಡುವ ಹಳೆಯ ಕ್ಯಾನ್ವಾಸ್ ಪೈಪಿನ ತುಂಡು ಕತ್ತರಿಸಿ ಹೊಲಿದಿದ್ದಾರೆ. ಯಾಕೆ ಕೇಳಿದೆ?

ಡ್ವೈಟ್ ನನಗೆ ಹೆಸರಿಟ್ಟಿದ್ದಾನೆ, "ಅರ್ಧ ಟಿಕೆಟ್." ಬೆಂಕಿಗೆ ಬರದವಳು ಅರ್ಧ ಟಿಕೆಟ್ಟಿನಲ್ಲಿ ಬಸ್ಸು ಹತ್ತಿದವಳಂತೆ. "ಅರ್ಧ ಟಿಕೆಟ್ಟಿಗೂ ಸೀಟು ಪೂರ್ತಿನೇ ಕೊಡ್ತಾರೆ ಕಣೋ," ಅಂದೆ. ಮೇಜು ಗುದ್ದಿ ನಕ್ಕರು. ನಾನೂ ನಕ್ಕೆ. ಆದರೆ ಅವನು ತಮಾಷೆಗೆ ಅಂದದ್ದನ್ನು ನೀನು ತಮಾಷೆಯಿಲ್ಲದೆ ಅಂದಿದ್ದೆಯಲ್ಲ, ಅದಕ್ಕೆ ಇವತ್ತು ಒಂದು ಮಾತು ಬರೆದುಬಿಡುತ್ತೇನೆ.

ನಾನು ಬೆಂಕಿಗೆ ಹೆದರಿ ಈ ಕೆಲಸ ಹಿಡಿದೆ ಎಂದು ನೀನು ತಿಳಿದಿದ್ದೀಯ. ಅಲ್ಲ. ಚಿಕ್ಕವಳಿದ್ದಾಗ ನೀನು ಪಾಳಿ ಮುಗಿಸಿ ಬರುವ ಬೆಳಗ್ಗೆ ನಾನು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ. ಗಾಡಿಯಿಂದ ಇಳಿಯುವಾಗ ನಿನ್ನ ಮುಖ ನೋಡಿ, ಇವತ್ತು ಅಪ್ಪನ ಹತ್ತಿರ ಆಟ ಆಡಬಹುದೋ ಬಾರದೋ ಅಂತ ಅಮ್ಮನಿಗೆ ಹೋಗಿ ಹೇಳುವುದು ನನ್ನ ಕೆಲಸ. ಒಂದು ದಿನವೂ ತಪ್ಪು ಹೇಳಲಿಲ್ಲ. ಈಗಲೂ ಅದೇ ಕೆಲಸ ಮಾಡುತ್ತಿದ್ದೇನೆ ಅಪ್ಪಾ. ಒಳಗೆ ಹೋಗುವವರು ಬೆಂಕಿ ನೋಡುತ್ತಾರೆ. ಹೊರಗೆ ಬಂದವರ ಮುಖ ನೋಡುವುದಕ್ಕೆ ಒಬ್ಬರು ಬೇಡವಾ?

ನಿನ್ನ ಮಗಳು,
ನೆಕಾನೆ

*

ವಿಟ್ಲೋ
ಆಗಸ್ಟ್ 27

ಅಪ್ಪಾ,

ಎರಡು ಸಲ ಹೇಸರಗತ್ತೆ ಇಳಿದು ಬಂತು, ನಿನ್ನ ಕಾಗದ ಬರಲಿಲ್ಲ. ಹ್ಯಾರಿಯೆಟ್ ನೀನು ಚೆನ್ನಾಗಿದ್ದೀಯ, ಎಡತೋಳು ಸೌದೆ ಒಡೆದು ಹಿಡಿದುಕೊಂಡಿದೆ ಅಷ್ಟೆ ಅಂದಳು. ಸಿಟ್ಟು ಮಾಡಿಕೊಂಡಿದ್ದರೆ ಮಾಡಿಕೋ, ನಾನು ಬರೆಯುತ್ತೇನೆ. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಮೊನ್ನೆ ಬೆಳಗ್ಗೆ ಹತ್ತಕ್ಕೆ ನದಿಯ ಪಕ್ಕದ ಈರುಳ್ಳಿ ಗೋದಾಮಿಗೆ ಬೆಂಕಿ ಬಿತ್ತು. ಗೋಡೆಯೆತ್ತರ ಈರುಳ್ಳಿ ಮೂಟೆ. ಹೊಗೆ ಏಳು ಮೈಲಿ ಹೋಯಿತು. ಇಡೀ ಊರಿಗೆ ಒಗ್ಗರಣೆಯ ವಾಸನೆ, ನಗಬೇಡ, ಜನಕ್ಕೆ ಹತ್ತು ಗಂಟೆಗೇ ಹಸಿವಾಯಿತು. ಹತ್ತಿರದ ಹೋಟೆಲಿನಲ್ಲಿ ಮಾಂಸ ಖಾಲಿಯಾಯಿತಂತೆ.

ಮೂರು ಎಂಜಿನ್. ಲೋರ್ನಾ ಮತ್ತು ನಾನು ರಸ್ತೆಯ ಆಚೆ ನೆರಳು ನೋಡಿ, ನೀರು, ಐಸು, ಆಮ್ಲಜನಕದ ಸಿಲಿಂಡರು, ಹಸಿರು ಕುರ್ಚಿ ಎಲ್ಲ ಜೋಡಿಸಿಕೊಂಡೆವು. ಗಾಳಿಯ ಸಿಲಿಂಡರು ಮುಗಿದು ಹೊರಬಂದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಹೋದೆವು. ಡ್ವೈಟ್ ಹತ್ತು ನಿಮಿಷ ಕುರ್ಚಿಯಲ್ಲಿ ಕೂತ.

ಹನ್ನೆರಡಕ್ಕೆ ಉರಿ ಸತ್ತಿತು. ಆಮೇಲೆ ಏನಾಗುತ್ತದೆ ನಿನಗೆ ಗೊತ್ತು. ಉರಿ ಹೋಯಿತು ಅಂತ ಮುಖವಾಡ ಕಳಚಿ ಬೂದಿ ಕೆದಕುತ್ತಾರೆ. ಟಿಬೆಟ್ಸ್ ಕೂಡ ಕಳಚಿದ್ದರು. ಹೊರಗೆ ಬಂದು ನೀರು ಕುಡಿದು, "ಹಿಂದಿನ ಬಾಗಿಲು ನೋಡಿದ್ರಾ?" ಅಂತ ಕೇಳಿದರು. ನೋಡಿದ್ದಾರೆ ಅಂದೆ. ಅವರ ಬೆರಳಿಗೆ ಕ್ಲಿಪ್ ಹಾಕಿದೆ. ರಕ್ತದಲ್ಲಿ ಆಮ್ಲಜನಕ ತೊಂಬತ್ತೊಂಬತ್ತು. ಚಿನ್ನದಂಥ ಅಂಕಿ. ಅವರು ಅಂಕಿಯನ್ನು ನೋಡಿ ನಕ್ಕು, ಗ್ಲೌಸ್ ಹಾಕಿಕೊಳ್ಳುತ್ತ, "ಹಿಂದಿನ ಬಾಗಿಲು ನೋಡಿದ್ರಾ?" ಅಂದರು. ಬಲಗೈಯ ಗ್ಲೌಸನ್ನು ಎಡಗೈಗೆ ಹಾಕಿಕೊಳ್ಳುತ್ತಿದ್ದರು.

ಅಪ್ಪಾ, ಲೋರ್ನಾ ನನಗೆ ಮೊದಲ ವಾರವೇ ಹೇಳಿಕೊಟ್ಟ ಪಾಠ ಅದು. ಬೂದಿಯೊಳಗಿನ ವಿಷಗಾಳಿ ರಕ್ತಕ್ಕೆ ಸೇರಿದರೆ ಆ ಕ್ಲಿಪ್ಪಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಷವನ್ನೇ ಆಮ್ಲಜನಕ ಅಂದುಕೊಂಡು ಒಳ್ಳೆಯ ಅಂಕಿ ತೋರಿಸುತ್ತದೆ. ವಿಷವನ್ನು ಅಳೆಯುವ ಯಂತ್ರ ಆಚೆ ಕಡೆಯ ಇನ್ನೊಂದು ಡಬ್ಬಿಯಲ್ಲಿತ್ತು. ನನ್ನ ಹತ್ತಿರ ಇದ್ದದ್ದು ಕಣ್ಣು ಎರಡೇ.

ಕುರ್ಚಿ ಎಳೆದು ಅವರ ಹಿಂದೆ ಇಟ್ಟೆ. ಕೂತ್ಕೊಳ್ಳಿ ಅಂದೆ.

"ತೊಂಬತ್ತೊಂಬತ್ತಿದೆ ಕಣಮ್ಮ. ಒಳಗೆ ನನ್ನ ಹುಡುಗರಿದ್ದಾರೆ."

"ಕ್ಯಾಪ್ಟನ್, ಹಿಂದಿನ ಬಾಗಿಲು ನೀವು ಎರಡು ಸಲ ಕೇಳಿದ್ರಿ."

ಅವರ ಮುಖ ಕೆಂಪಾಯಿತು. ಅಷ್ಟು ಜನರ ಎದುರಿಗೆ, ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗದ ಹುಡುಗಿ. "ನಿನ್ನ ಕಾಗದಕ್ಕೆ ಸಹಿ ಹಾಕೋನು ಯಾರು, ನೆನಪಿದೆಯಾ?"

"ಇದೆ. ಸಹಿ ಹಾಕೋಕೆ ನೀವು ಬದುಕಿರಬೇಕು. ಕೂತ್ಕೊಳ್ಳಿ."

ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅವರು ನನ್ನನ್ನು ದಾಟಿ ಒಂದು ಹೆಜ್ಜೆ ಇಟ್ಟರು. ನಾನು ಅಡ್ಡ ನಿಂತೆ. ಅವರ ಎದೆಯ ಎತ್ತರಕ್ಕೆ ನನ್ನ ತಲೆ, ನಿನಗೆ ಗೊತ್ತಲ್ಲ. ಲೋರ್ನಾಳ ಕಡೆ ನೋಡಿದರು, ಅವಳು ಬಿಡು ಅನ್ನಬಹುದೆಂದು. ಅವಳು ಬಂದು ಕುರ್ಚಿಯ ಬೆನ್ನು ಹಿಡಿದು ನಿಂತಳು. ಅವಳ ಮುಖವನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ. ಟಿಬೆಟ್ಸ್ ಮತ್ತೆ ಬಾಯಿ ತೆರೆದು, "ಹಿಂದಿನ ಬಾಗಿಲು..." ಅಂದವರು ಅಲ್ಲಿಗೇ ನಿಲ್ಲಿಸಿದರು. ತಮ್ಮ ಮಾತು ತಮಗೇ ಕೇಳಿಸಿತು. ಕೂತರು.

ಆಮ್ಲಜನಕ ಹಾಕಿ ಆಸ್ಪತ್ರೆಗೆ ಒಯ್ದೆವು. ರಕ್ತದಲ್ಲಿ ನೂರಕ್ಕೆ ಇಪ್ಪತ್ತೆಂಟು ಪಾಲು ವಿಷ. ಇನ್ನೊಮ್ಮೆ ಒಳಗೆ ಹೋಗಿದ್ದರೆ ಹೊತ್ತು ತರಬೇಕಾಗುತ್ತಿತ್ತು ಅಂದರು ಡಾಕ್ಟರು. ಇವತ್ತು ಠಾಣೆಗೆ ಬಂದಿದ್ದರು, ಮೇಜಿನ ತುದಿಯಲ್ಲಿ ಕೂತು, "ಒಬ್ಬಳು ಮೊದಲ ಸಲ ಕ್ಯಾಪ್ಟನ್‌ನ ಕೂರಿಸಿದ್ದಾಳೆ, ಐಸ್‌ಕ್ರೀಮ್ ಎಲ್ಲಿ?" ಅಂತ ಕೇಳಿದರು. ಐದು ಡಬ್ಬ ತಂದೆ. ನನ್ನ ಕೊಕ್ಕೆಯಲ್ಲಿ ಡ್ವೈಟ್ ಒಂದು ಚೀಲ ಸುಟ್ಟ ಈರುಳ್ಳಿ ನೇತುಹಾಕಿದ್ದ. ಚೀಟಿಯಲ್ಲಿ "ಪೂರ್ತಿ ಟಿಕೆಟ್" ಅಂತ ಬರೆದಿತ್ತು.

ಒಂದೇ ಒಂದು ನನಗೆ ಅರ್ಥವಾಗಲಿಲ್ಲ. ಟಿಬೆಟ್ಸ್ ಕೂತ ಮೇಲೆ ಲೋರ್ನಾ ಡಬ್ಬಿಯ ಹಿಂದೆ ಹೋಗಿ ಬಹಳ ಹೊತ್ತು ನಿಂತಿದ್ದಳು. ಹೋಗಿ ನೋಡಿದರೆ ಕಣ್ಣೆಲ್ಲ ನೀರು. "ಈರುಳ್ಳಿ ಹೊಗೆ," ಅಂದಳು.

ನಿನ್ನ ಮಗಳು,
ನೆಕಾನೆ

*

ಓಲ್ಡ್ ಮೇರಿ
ಸೆಪ್ಟೆಂಬರ್ 6

ಮಗಳೇ,

ನಿನ್ನ ಕಾಗದವನ್ನು ನಾಲ್ಕು ದಿನದಿಂದ ಓದುತ್ತಿದ್ದೇನೆ. ಈರುಳ್ಳಿ ಹೊಗೆಯಲ್ಲ. ಹೇಳುತ್ತೇನೆ.

ನನ್ನ ಪಾಳಿಯಲ್ಲಿದ್ದ ಗಿಬ್ ಮಾಮ ಹಿಟ್ಟಿನ ಗಿರಣಿಯ ಬೆಂಕಿಯಲ್ಲಿ ಹೃದಯ ನಿಂತು ಸತ್ತ ಎಂದು ನಿನಗೆ ಗೊತ್ತು. ಅವನು ನಿನಗೆ ಸೈಕಲ್ ಕಲಿಸಿದ್ದು ಅದೇ ವರ್ಷ. ಹತ್ತೊಂಬತ್ತು ವರ್ಷವಾಯಿತು. ನಿನಗೆ ಗೊತ್ತಿಲ್ಲದ್ದು ಇಷ್ಟು. ಅವನು ಒಮ್ಮೆ ಹೊರಗೆ ಬಂದಿದ್ದ. ಲೋರ್ನಾ ಅವನನ್ನು ನೋಡಿದಳು. ಅವಳು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಬೆರಳಿಗೆ ಕ್ಲಿಪ್ ಹಾಕಿದಳು. ತೊಂಬತ್ತೆಂಟು. ಆದರೂ, "ಕ್ಯಾಪ್ಟನ್, ಅಂಕಿ ಚೆನ್ನಾಗಿದೆ, ಮುಖ ಚೆನ್ನಾಗಿಲ್ಲ. ಐದು ನಿಮಿಷ ಕೂತಿರಲಿ," ಅಂದಳು.

ನಾನು ಅಂದೆ, "ಏ ಹುಡುಗಿ, ತೊಂಬತ್ತೆಂಟು ಅಂತಿದೆಯಲ್ಲ, ಓದೋಕೆ ಬರಲ್ವಾ? ಪೈಪು ಹಿಡಿದಿದ್ರೆ ಗೊತ್ತಾಗ್ತಿತ್ತು. ಬಿಡು ಅವನನ್ನ."

ಗಿಬ್ ನಕ್ಕ. ಸುತ್ತ ಇದ್ದವರೂ ನಕ್ಕರು. ಇಬ್ಬರೂ ಒಳಗೆ ಹೋದೆವು. ಬರುವಾಗ ನಾನು ಅವನನ್ನು ಎಳೆದುಕೊಂಡು ಬಂದೆ.

ವಿಚಾರಣೆಯಲ್ಲಿ ಲೋರ್ನಾ, "ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು," ಎಂದು ಬರೆದುಕೊಟ್ಟಳು. ನನ್ನ ಹೆಸರು ಹೇಳಲಿಲ್ಲ. ಆ ಕಾಗದ ನನ್ನ ಮೇಜಿಗೆ ಬಂತು. ನಾನು ಅದನ್ನು ಓದಿ, ಕೆಳಗೆ ಸಹಿ ಹಾಕಿ ಕಳುಹಿಸಿದೆ. ಮುಂದಿನ ವಾರ ಅವಳು ತನ್ನ ಮನೆಯ ವರಾಂಡದಿಂದ ಒಂದು ಹಸಿರು ಕುರ್ಚಿ ತಂದು ಡಬ್ಬಿಯಲ್ಲಿಟ್ಟಳು. ಯಾರೂ ಏನೂ ಕೇಳಲಿಲ್ಲ. ಅದರ ಹರಿದ ಪಟ್ಟಿಗೆ ಪೈಪಿನ ತುಂಡು ಹೊಲಿದವನು ನಾನು. ಒಂದು ದಿನ ಅವಳಿಲ್ಲದಾಗ. ಅಷ್ಟು ಬಿಟ್ಟರೆ ಅವಳ ಹತ್ತಿರ ಆ ವಿಷಯ ಒಂದು ಮಾತು ಆಡಿಲ್ಲ.

ನೀನು ಅದೇ ಕೆಲಸಕ್ಕೆ, ಅದೇ ಠಾಣೆಗೆ ಸೇರುತ್ತೇನೆ ಎಂದಾಗ ನನ್ನ ಬಾಯಿಗೆ ಬಂದದ್ದು ಗಿರಣಿಯ ಎದುರು ಆಡಿದ ಅದೇ ಮಾತು. ನನ್ನಂಥ ಒಬ್ಬ ನಿನ್ನನ್ನು ದಾಟಿಕೊಂಡು ಹೋಗುತ್ತಾನೆ, ಆಮೇಲೆ ನೀನು ಜೀವಮಾನವಿಡೀ ಕುರ್ಚಿ ಹೊತ್ತು ತಿರುಗುತ್ತೀಯ ಎಂದು ಹೆದರಿದೆ. ಹೆದರಿಕೆ ಎಂದು ಹೇಳಲು ಬಾಯಿ ಬರಲಿಲ್ಲ.

ಬಿಲ್ಲೆಯನ್ನು ಲೋರ್ನಾಳ ಕೈಯಲ್ಲಿ ಚುಚ್ಚಿಸಿಕೋ. ನನ್ನ ಕೈ ಅದಕ್ಕೆ ತಕ್ಕದ್ದಲ್ಲ. ತಿಂಗಳ ಕೊನೆಗೆ ಹಿಮ ಬೀಳುವ ತನಕ ನಾನು ಇಲ್ಲೇ ಇರುತ್ತೇನೆ.

ಗಿಡುಗಗಳು ಹಾರಿಹೋದವು. ಗೂಡು ಖಾಲಿ. ಆದರೂ ಹತ್ತುವಾಗ ಇಪ್ಪತ್ತನೇ ಮೆಟ್ಟಿಲಲ್ಲಿ ನಿಲ್ಲುತ್ತೇನೆ. ಅಭ್ಯಾಸ.

ಅಪ್ಪ

*

ವಿಟ್ಲೋ
ಸೆಪ್ಟೆಂಬರ್ 14, ಮಧ್ಯಾಹ್ನ

ಅಪ್ಪಾ,

ನಿನ್ನ ಕಾಗದವನ್ನು ಲೋರ್ನಾಳಿಗೆ ಕೊಟ್ಟೆ. ನಿನ್ನನ್ನು ಕೇಳದೆ ಕೊಟ್ಟೆ, ಬೈಯಬೇಡ. ಮೇಜಿನ ಹತ್ತಿರ ನಿಂತೇ ಓದಿದಳು. ಎರಡನೇ ಸಲ ಓದಿದಳು. ಮಡಚಿದಳು. ಗಿಬ್ ಮಾಮನ ಬಗ್ಗೆ ಏನಾದರೂ ಅನ್ನುತ್ತಾಳೆಂದು ನಾನು ಕಾದೆ. ಅವಳು ಕೇಳಿದ್ದು ಒಂದೇ.

"ಗಿಡುಗ ಹೋದ ಮೇಲೆ ಇವನು ಮೆಟ್ಟಿಲಲ್ಲಿ ಯಾಕೆ ನಿಲ್ತಾನೆ?"

ನಿನ್ನ ಹಳೆಯ ಕಾಗದಗಳನ್ನೆಲ್ಲ ತಂದು ಮೇಜಿನ ಮೇಲೆ ಹರಡಿದೆ. ಜೂನ್‌ನಲ್ಲಿ ನಲವತ್ತನೇ ಮೆಟ್ಟಿಲು. ಜುಲೈನಲ್ಲಿ ಮೂವತ್ತು. ಈಗ ಇಪ್ಪತ್ತು. ಡಬ್ಬದ ಬೀನ್ಸಿನ ಎದೆ ಉರಿ. ಸೌದೆ ಒಡೆದ ಎಡತೋಳು. ಗಿಡುಗಗಳು ಹೀಗೆ ಕಾಗದಕ್ಕೆ ಹತ್ತು ಮೆಟ್ಟಿಲು ಇಳಿದು ಗೂಡು ಕಟ್ಟುವುದಿಲ್ಲ ಅಪ್ಪಾ. ಮುಖ ನೋಡುವುದೇ ನನ್ನ ಕೆಲಸ ಅಂತ ದೊಡ್ಡದಾಗಿ ಬರೆದವಳು ನಾನು, ಬೇಸಿಗೆಯಿಡೀ ನಿನ್ನ ಮುಖ ಕಾಗದದಲ್ಲಿ ಬರುತ್ತಿದ್ದರೂ ನೋಡಲಿಲ್ಲ.

ಇವತ್ತು ಬೆಳಗ್ಗೆ ಅರಣ್ಯ ಕಚೇರಿಯವರು ರೇಡಿಯೋದಲ್ಲಿ ಎದೆನೋವು ಇದೆಯಾ ಎಂದು ಕೇಳಿದರಲ್ಲ, ಆಗ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. "ನಾನು ಚೆನ್ನಾಗಿದ್ದೀನಿ, ಏನೂ ಬೇಕಿಲ್ಲ," ಅಂದೆ ನೀನು. ಅಷ್ಟಕ್ಕೆ ಎರಡು ಸಲ ಉಸಿರು ಎಳೆದೆ. ಚೆನ್ನಾಗಿದೆ ಅನ್ನುವುದು ತೊಂಬತ್ತೆಂಟು ಅನ್ನುವ ಹಾಗೆ. ನಾನು ಅದನ್ನು ನಂಬುವುದಿಲ್ಲ.

ಇವತ್ತು ಗಾಳಿ ಜೋರು, ಹೆಲಿಕಾಪ್ಟರ್ ಇಳಿಯುವಂತಿಲ್ಲ. ನಾಳೆ ಬೆಳಗ್ಗೆ ಹತ್ತಕ್ಕೆ ಕೆಳಗಿನ ಹುಲ್ಲುಗಾವಲಿಗೆ ಬರುತ್ತದೆ. ಹ್ಯಾರಿಯೆಟ್ ಈಗಲೇ ಹೊರಟು, ಅರ್ಧದಾರಿಯ ಶಿಬಿರದಲ್ಲಿ ತಂಗಿ, ಅದಕ್ಕೂ ಮೊದಲೇ ನಿನ್ನನ್ನು ಮುಟ್ಟುತ್ತಾಳೆ. ಈ ಕಾಗದದ ಜೊತೆ ಆಸ್ಪಿರಿನ್ ಇದೆ. ಒಂದನ್ನು ಅಗಿದು ನುಂಗು. ಮೆಟ್ಟಿಲು ಹತ್ತಬೇಡ. ಸಾಮಾನು ಹ್ಯಾರಿಯೆಟ್ ತರುತ್ತಾಳೆ.

ಹೇಸರಗತ್ತೆಯ ಬೆನ್ನ ಮೇಲೆ ಇನ್ನೊಂದು ವಸ್ತು ಇದೆ. ಲೋರ್ನಾ ತನ್ನ ಕೈಯಾರೆ ಹಗ್ಗ ಬಿಗಿದಿದ್ದಾಳೆ. ಹತ್ತೊಂಬತ್ತು ವರ್ಷದಲ್ಲಿ ಅದು ಡಬ್ಬಿ ಬಿಟ್ಟು ಹೊರಗೆ ಹೋಗುತ್ತಿರುವುದು ಇದೇ ಮೊದಲು. ಹೇಳಿಕಳಿಸುವುದು ಏನಾದರೂ ಇದೆಯಾ ಅಂತ ಕೇಳಿದೆ. "ಇದೆ. ಕೂತ್ಕೋ ಅನ್ನು," ಅಂದಳು.

ಕೂತ್ಕೋ ಅಪ್ಪಾ.

ನೆಕಾನೆ

*

ಹೃದ್ರೋಗ ವಿಭಾಗ, ಎರಡನೇ ಮಹಡಿ
ಸೆಪ್ಟೆಂಬರ್ 19

ಮಗಳೇ,

ನೀನು ದಿನಾ ಬಂದು ಹೋಗುತ್ತಿರುವಾಗ ಕಾಗದ ಯಾಕೆ ಎಂದು ನಗುತ್ತೀಯ. ನೀನು ಎದುರಿಗಿದ್ದರೆ ನನ್ನ ಬಾಯಲ್ಲಿ ಬರುವುದು ಉಪ್ಪಿನ ವಿಷಯವೇ. ಮೂರು ತಿಂಗಳಲ್ಲಿ ಬರೆಯುವುದು ರೂಢಿಯಾಗಿದೆ, ಅದಕ್ಕೆ ಬರೆಯುತ್ತೇನೆ.

ಅವತ್ತು ಹ್ಯಾರಿಯೆಟ್ ಬಂದಾಗ ನಾನು ಗೋಪುರದ ಕೆಳಗೆ ನಿಂತಿದ್ದೆ. ಕೈಯಲ್ಲಿ ನೀರಿನ ಕೊಡ. ಹೇಸರಗತ್ತೆಯ ಮೇಲೆ ಹಸಿರು ಕುರ್ಚಿ ಕಂಡಿತು. ಕಾಲು ನಾಲ್ಕೂ ಆಕಾಶಕ್ಕೆ. ಮೊದಲು ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಹ್ಯಾರಿಯೆಟ್ ಹಗ್ಗ ಬಿಚ್ಚಿ, ಬಿಡಿಸಿ, ಹುಲ್ಲಿನ ಮೇಲಿಟ್ಟು, ಕಾಗದ ಕೊಟ್ಟಳು. ನಿಂತೇ ಓದಿದೆ. ಕೊನೆಯ ಸಾಲಿಗೆ ಬಂದಾಗ ಒಬ್ಬ ಹುಡುಗಿಗೆ ನಾನು ಕೊಡಬೇಕಿದ್ದ ಐದು ನಿಮಿಷ ನೆನಪಾಯಿತು. ಕೊಡ ಕೆಳಗಿಟ್ಟೆ. ಕೂತೆ.

ಪೈಪಿನ ಪಟ್ಟಿ ಇನ್ನೂ ಗಟ್ಟಿಯಾಗಿದೆ. ಹೊಲಿಗೆ ಚೆನ್ನಾಗಿ ಹಾಕಿದ್ದೆ.

ಹೆಲಿಕಾಪ್ಟರಿನ ಶಬ್ದ ಕೇಳುವ ತನಕ ಎರಡು ಗಂಟೆ ಕೂತಿದ್ದೆ. ನಾಳಗಳಲ್ಲಿ ಎರಡು ಕಡೆ ತಡೆಯಿತ್ತು, ಎರಡು ಸ್ಪ್ರಿಂಗ್ ಹಾಕಿದ್ದಾರೆ. ಒಂದು ವಾರ ಬಿಟ್ಟಿದ್ದರೆ ಹಿಮ ಬೀಳುವ ಮೊದಲೇ ನಾನು ಬೀಳುತ್ತಿದ್ದೆ ಎಂದು ಡಾಕ್ಟರು ನಿನಗೂ ಹೇಳಿದ್ದಾರೆ. ಗಿಡುಗದ ಕಥೆ ಕೇಳಿ ಅವರು ನಕ್ಕು, ಆಮೇಲೆ ನಗು ನಿಲ್ಲಿಸಿ, "ಇದನ್ನ ಹಿಡಿದವರು ಯಾರು?" ಎಂದರು. ನನ್ನ ಮಗಳು ಮತ್ತು ಅವಳ ಗುರು ಎಂದೆ. ಮೂರನೇ ನಂಬರ್ ಠಾಣೆಯ ಪ್ಯಾರಾಮೆಡಿಕ್‌ಗಳು ಎಂದೆ. ಎರಡು ಸಲ ಎಂದೆ, ನರ್ಸಿಗೂ ಕೇಳಲಿ ಎಂದು.

ನಿನ್ನೆ ನೀನು ಪಾಳಿಯಲ್ಲಿದ್ದಾಗ ಲೋರ್ನಾ ಬಂದಿದ್ದಳು. ಅರ್ಧ ಗಂಟೆ ಇದ್ದಳು. ಏನು ಮಾತಾಡಿದೆವು ಎಂಬುದು ನಮ್ಮಿಬ್ಬರದು. ಬಿಲ್ಲೆಯ ವಿಷಯ ಮಾತ್ರ ನಿನಗೆ ಹೇಳಬಹುದು. ಅವಳಿಗೆ ಹೇಳಿದೆ, ನೀನೇ ಚುಚ್ಚು ಎಂದು. ಅವಳು, "ನಾನು ಅದನ್ನ ಕೈಯಲ್ಲಿ ಹಿಡ್ಕೊಂಡು ನಿಂತಿರ್ತೀನಿ. ಚುಚ್ಚೋನು ನೀನು. ಕೈ ನಡುಗಿದ್ರೆ ಹಿಂದೆ ಕುರ್ಚಿ ಇರುತ್ತೆ," ಎಂದಳು.

ಆರು ವಾರ ಭಾರ ಎತ್ತುವಂತಿಲ್ಲ ಎಂದಿದ್ದಾರೆ ಡಾಕ್ಟರು. ಬಿಲ್ಲೆ ಎಷ್ಟು ಭಾರವಿರುತ್ತದೆ ಎಂದು ಕೇಳಿದೆ. ಔಷಧಿ ತೂಗುವ ತಕ್ಕಡಿಯಲ್ಲಿ ನರ್ಸ್ ತನ್ನದನ್ನು ಇಟ್ಟು ನೋಡಿ, ಪರವಾಗಿಲ್ಲ, ಎತ್ತಬಹುದು ಎಂದಳು.

ಅಕ್ಟೋಬರ್ ಮೂರಕ್ಕೆ ಬರುತ್ತೇನೆ. ಬರುವಾಗ ಐಸ್‌ಕ್ರೀಮ್ ತರಬೇಕಲ್ಲ, ಲೋರ್ನಾಳ ಕುರ್ಚಿಯಲ್ಲಿ ಕೂತದ್ದು ನನಗೆ ಇದೇ ಮೊದಲ ಸಲ. ಟಿಬೆಟ್ಸ್‌ಗೆ ಯಾವುದಾದರೂ ನಡೆಯುತ್ತದೆ. ಲೋರ್ನಾಳಿಗೆ ಯಾವುದು ಇಷ್ಟ ಎಂದು ತಿಳಿದುಕೊಂಡು ಬಾ. ಅಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡೆವು, ನಾನು ಒಂದು ದಿನವೂ ಕೇಳಲಿಲ್ಲ.

ನಿನ್ನ ಅಪ್ಪ,
ಬೆನಾತ್